ಮೂರನೆಯ ಅಣು

ತಪ್ಪು ಸಿಕ್ಕಿದ್ದು ಉಪ್ಪಿನಲ್ಲಿ ಹಾಕಿಟ್ಟ ಅಣಬೆಯ ಭರಣಿಯ ಕೆಳಗೆ, ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಇಗ್ನಾತ್ ರೊದಿಯೊನೊವಿಚ್ ವೇಕ್ಷಿನ್ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಾಗ. ಅವನ ಹೆಂಡತಿ ತೈಸಿಯಾ ಗಣಕಯಂತ್ರದ ಹಳೆಯ ಕಾಗದವನ್ನು ಎಂದೂ ಎಸೆದವಳಲ್ಲ. ವಿಜ್ಞಾನಿಗಳದೇ ಊರಾದ ಅಕಾಡೆಮ್‌ಗೊರೊಡೊಕ್‌ನಲ್ಲಿ ಯಾವ ವಿಜ್ಞಾನಿಯ ಹೆಂಡತಿಯೂ ಎಸೆಯುವುದಿಲ್ಲ. ಮೀನು ಸುತ್ತುವುದಕ್ಕೆ, ಕಿಟಕಿಯ ಸಂದಿಗೆ ತುರುಕುವುದಕ್ಕೆ, ಕಪಾಟಿನ ಹಲಗೆಗೆ ಹಾಸುವುದಕ್ಕೆ ಅದು ಬೇಕು. ವಿಜ್ಞಾನದಿಂದ ಸಂಸಾರಕ್ಕೆ ಆಗುವ ಖಾತರಿಯಾದ ಉಪಕಾರ ಅದೊಂದೇ ಎಂದು ಅವಳ ನಂಬಿಕೆ. ಬೆಣ್ಣೆ ಹುಡುಕುತ್ತ ಅವನು ಭರಣಿಯನ್ನು ಪಕ್ಕಕ್ಕೆ ಸರಿಸಿದ. ಉಪ್ಪುನೀರಿನ ಉಂಗುರದೊಳಗೆ, ತಲೆಕೆಳಗಾಗಿ, ಏಳು ವರ್ಷದ ಹಿಂದೆ ಗಣಕಯಂತ್ರಕ್ಕೆಂದು ಅವನೇ ಬರೆದ ಲೆಕ್ಕದ ಎಂಟು ಸಾಲು ಇದ್ದವು. ಓದುವ ಉದ್ದೇಶ ಇರಲಿಲ್ಲ. ಆದರೆ ಬೆಳಗಿನ ಹೊತ್ತು ಕಣ್ಣು ಯಜಮಾನನ ಅಪ್ಪಣೆ ಕೇಳುವುದಿಲ್ಲ. ಐದನೆಯ ಸಾಲು ಅಣುವಿನ ಹೊಸ ವೇಗವನ್ನು ಯಂತ್ರದ ನೆನಪಿನ ಒಂದು ಮನೆಯಲ್ಲಿ ಇಟ್ಟಿತ್ತು. ಏಳನೆಯ ಸಾಲು ವೇಗ ಕೇಳುವುದಕ್ಕೆ ಪಕ್ಕದ ಮನೆಯ ಬಾಗಿಲು ತಟ್ಟುತ್ತಿತ್ತು. ಅಲ್ಲಿ ಹಳೆಯ ವೇಗ ಕೂತಿತ್ತು. ಹೊಸದನ್ನು ಏಳು ವರ್ಷ ಯಾರೂ ಕೇಳಿರಲಿಲ್ಲ.

ಅವನು ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ತೈಸಿಯಾ ಒಳಗೆ ಬಂದು ಏನು, ಇಲಿ ಕಂಡಿತಾ ಎಂದು ಕೇಳಿದಳು.

"ಶಾಖ ಎಲ್ಲೋ ಹೋಗ್ತಾ ಇದೆ," ಅಂದ.

"ಕಿಟಕಿ ಸಂದಿಯಿಂದ ಹೋಗತ್ತೆ. ಎರಡು ವರ್ಷದಿಂದ ಬಾಯಿ ಬಡ್ಕೋತಾ ಇದ್ದೀನಿ."

ಹೊರಗೆ ಹಿಮ ಕರಗಲೋ ಬೇಡವೋ ಎಂದು ಯೋಚಿಸುತ್ತ ಕೊಳಕಾಗಿತ್ತು. ಬರ್ಚ್ ಮರಗಳ ನಡುವಿನ ಕಾಲುದಾರಿಯಲ್ಲಿ ಸಂಶೋಧನಾಲಯದ ಕಡೆಗೆ ನಡೆಯುತ್ತ ಅವನು ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೆ ನಡೆಸಿದ. ಬೇರೆಯವರು ಆರೋಗ್ಯಕ್ಕೆ ನಡೆಯುತ್ತಾರೆ, ಅವನು ಹೀಗೆ ನಡೆಯುತ್ತಾನೆ. ಸೂಜಿಮೊನೆಯಷ್ಟು ತೂತಿನಿಂದ ನೀರಿನ ಆವಿಯನ್ನು ನಿರ್ವಾತಕ್ಕೆ ಬಿಟ್ಟರೆ ಅದು ಹರಡುತ್ತ, ಹರಡಿದಂತೆ ತಣ್ಣಗಾಗುತ್ತ ಹೋಗುತ್ತದೆ. ತಣ್ಣಗಾದ ಅಣುಗಳು ಎರಡು, ಹತ್ತು, ನೂರು ಎಂದು ಅಂಟಿಕೊಂಡು ಗುಚ್ಛಗಳಾಗುತ್ತವೆ. ಎಷ್ಟು ಗುಚ್ಛ, ಎಷ್ಟು ದೊಡ್ಡವು, ತೂತಿನಿಂದ ಎಷ್ಟು ದೂರದಲ್ಲಿ ಎಂಬುದು ಅವನ ಹನ್ನೆರಡು ವರ್ಷದ ಪ್ರಶ್ನೆ. ಇರುವ ಅಣುಗಳನ್ನೆಲ್ಲ ಎಣಿಸಲು ಯಾವ ಯಂತ್ರಕ್ಕೂ ತಾಕತ್ತಿಲ್ಲ. ಆದ್ದರಿಂದ ಕೋಟ್ಯಂತರ ಅಣುಗಳ ಪರವಾಗಿ ಎರಡು ಸಾವಿರ ಪ್ರತಿನಿಧಿಗಳನ್ನು ಆರಿಸಿ, ಅವು ಎಲ್ಲಿಗೆ ಹೋಗುತ್ತವೆ, ಯಾರಿಗೆ ಡಿಕ್ಕಿ ಹೊಡೆಯುತ್ತವೆ ಎಂದು ನೋಡುವುದು. ಮಾಸ್ಕೋದಲ್ಲಿರುವ ಪ್ರತಿನಿಧಿಗಳಿಗಿಂತ ಇವು ಮೇಲು, ಇವು ಒಬ್ಬರಿಗೊಬ್ಬರು ಡಿಕ್ಕಿಯಾದರೂ ಹೊಡೆಯುತ್ತವೆ ಎಂದು ಅವನು ಬಾಗಿಲು ಮುಚ್ಚಿಕೊಂಡು ಹೇಳುತ್ತಿದ್ದ. ಎರಡು ಅಣುಗಳು ಅಂಟಿಕೊಂಡಾಗ ಶಾಖ ಹುಟ್ಟುತ್ತದೆ. ಆ ಶಾಖವನ್ನು ಹೊತ್ತುಕೊಂಡು ಹೋಗಲು ಮೂರನೆಯದೊಂದು ಅಲ್ಲಿರಬೇಕು, ಇಲ್ಲದಿದ್ದರೆ ಅಂಟಿದ್ದು ಆ ಕ್ಷಣವೇ ಬಿಟ್ಟುಹೋಗುತ್ತದೆ. ಅವನ ಲೆಕ್ಕದಲ್ಲಿ ಮೂರನೆಯ ಅಣು ಬರುತ್ತಿತ್ತು, ಶಾಖ ಇಸಿದುಕೊಳ್ಳುತ್ತಿತ್ತು, ಮರುಕ್ಷಣ ಏನೂ ಆಗದವರಂತೆ ತನ್ನ ಹಳೆಯ ವೇಗದಲ್ಲೇ ಹೊರಟುಹೋಗುತ್ತಿತ್ತು. ಶಾಖ ಪ್ರಪಂಚದಿಂದಲೇ ನಾಪತ್ತೆ. ಹಾಗಾಗಿ ಅವನ ಆವಿ ದೇವರ ಆವಿಗಿಂತ ತಣ್ಣಗಿತ್ತು, ಅವನ ಗುಚ್ಛಗಳು ದೇವರ ಗುಚ್ಛಗಳಿಗಿಂತ ಮೂರು ಪಟ್ಟು ಹೆಚ್ಚಿದ್ದವು. ಮೂರು ಪಟ್ಟು ಎಂಬ ಮಾತು ಮನಸ್ಸಿಗೆ ಬಂದಾಗ ಅವನ ಕಾಲು ಜಾರಿತು. ಎದುರು ಬರುತ್ತಿದ್ದ ಯಾರೋ ಹಿಡಿದುಕೊಂಡರು. ಅವರಿಗೆ ಅವನು ಧನ್ಯವಾದ ಹೇಳಲಿಲ್ಲ. ಮೂರು ಪಟ್ಟು ಕಡಿಮೆ ಎಂದು ಒಬ್ಬರು ಆಗಲೇ ಹೇಳಿದ್ದರು.

ಹಾಗೆ ಹೇಳಿದವಳು ಫಾಯಿನಾ ಲ್ವೋವ್ನಾ. ಅವತ್ತು ಅವಳು ನೀಲಿ ಉಣ್ಣೆಯ ಉಡುಪು ಹಾಕಿಕೊಂಡು ಬಂದಿದ್ದಳು, ಮೊಣಕೈಗೆ ಸೀಮೆಸುಣ್ಣ ಮೆತ್ತಿತ್ತು. ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ಅವಳು ಗುಚ್ಛಗಳನ್ನು ನಿಜವಾಗಿ ಅಳೆಯುವವಳು. ಅವನು ನಾಲ್ಕನೆಯ ಮಹಡಿಯಲ್ಲಿ ಕೂತು ಲೆಕ್ಕ ಹಾಕುವವನು. ಆರು ವರ್ಷದ ಹಿಂದಿನ ಆ ವಿಚಾರಗೋಷ್ಠಿಯಲ್ಲಿ ಅವಳ ಅಳತೆಯ ಬಿಂದುಗಳೆಲ್ಲ ಅವನ ಲೆಕ್ಕದ ರೇಖೆಯ ಕೆಳಗೆ ಬಿದ್ದಿದ್ದವು, ನೆಂಟರ ಮನೆಯ ಜಗಲಿಯಲ್ಲಿ ಕೂರಿಸಿದ ಬಡವರ ಹಾಗೆ. ನಿಮ್ಮ ಅಭಿಪ್ರಾಯವೇನು ಎಂದು ಅಧ್ಯಕ್ಷರು ಅವನನ್ನು ಕೇಳಿದರು. ಅವನಿಗೆ ಅಭಿಪ್ರಾಯ ಇರಲಿಲ್ಲ, ತಮಾಷೆ ಇತ್ತು. "ಫಾಯಿನಾ ಲ್ವೋವ್ನಾ, ಗುಚ್ಛಗಳೇನೋ ಇವೆ. ನಿಮ್ಮ ಉಪಕರಣದ ತೂತಿಂದ ಆಚೆ ಹೋಗಿವೆ ಅಷ್ಟೆ. ಕಾರಿಡಾರಲ್ಲಿ ಒಂದ್ಸಲ ನೋಡ್ಕೊಂಡು ಬನ್ನಿ" ಎಂದುಬಿಟ್ಟ. ನಲವತ್ತು ಜನ ನಕ್ಕರು. ಅವಳೂ ಒಂದು ಚೂರು ನಕ್ಕಳು, ನಗದಿದ್ದರೆ ಹಾಸ್ಯಪ್ರಜ್ಞೆ ಇಲ್ಲ ಎನ್ನುತ್ತಾರೆಂದು. ಆಮೇಲೆ ತಾನೇ ಹಲಗೆ ಒರೆಸಿ, ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಸಿ ಇಟ್ಟು ಹೋದಳು. ಆ ಮಾತನ್ನು ಅವನು ಆಮೇಲೆ ಲೆನಿನ್‌ಗ್ರಾಡ್‌ನಲ್ಲೂ ಹೇಳಿದ್ದ, ರಿಗಾದಲ್ಲೂ ಹೇಳಿದ್ದ, ಎರಡು ಕಡೆಯೂ ಜನ ನಕ್ಕಿದ್ದರು. ಎರಡು ವರ್ಷವಾದ ಮೇಲೆ ಅವಳು ಹೊಸ ಅಳತೆಗಳನ್ನು ತಂದಳು. ಉಪಕರಣದಲ್ಲಿ ದೋಷವಿತ್ತು, ಸರಿಪಡಿಸಿದೆ ಎಂದಳು. ಬಿಂದುಗಳು ಅವನ ರೇಖೆಯ ಮೇಲೆ ತಂತಿಯ ಮೇಲಿನ ಗುಬ್ಬಿಗಳಂತೆ ಸಾಲಾಗಿ ಕೂತಿದ್ದವು. ಆ ಚಿತ್ರವನ್ನು ದೊಡ್ಡದಾಗಿ ಬರೆಸಿ ಮುಖ್ಯ ಮೆಟ್ಟಿಲಿನ ಬಳಿ ತೂಗುಹಾಕಿದ್ದರು, ಸಿದ್ಧಾಂತವೂ ಪ್ರಯೋಗವೂ ಕೈಹಿಡಿದ ಚಿತ್ರ ಎಂದು. ಇವತ್ತು ನಾಲ್ಕು ಗಂಟೆಗೆ ಇಬ್ಬರ ಹೆಸರನ್ನೂ ದೇಶದ ದೊಡ್ಡ ಗೌರವವಾದ ರಾಜ್ಯ ಪ್ರಶಸ್ತಿಗೆ ಕಳಿಸುವುದನ್ನು ಗೋಷ್ಠಿಯಲ್ಲಿ ಒಪ್ಪಿಸಿಕೊಳ್ಳಬೇಕಿತ್ತು. ಆ ಚಿತ್ರದ ಮುಂದೆ ನಿಂತು ಅವನು ಮೇಲುಕೋಟು ಬಿಚ್ಚಿದ. ರೇಖೆ ಸುಳ್ಳಾದರೆ, ಸುಳ್ಳು ರೇಖೆಯ ಮೇಲೆ ನಿಜವಾದ ಬಿಂದುಗಳು ಹೇಗೆ ಬಂದು ಕೂತವು? ಮನೆಯಿಂದ ಇಲ್ಲಿಯವರೆಗೆ ಆ ಪ್ರಶ್ನೆ ಅವನಿಗೆ ಹೊಳೆದೇ ಇರಲಿಲ್ಲ. ತನ್ನ ತಪ್ಪಿನ ವಾಸನೆ ನೋಡುವುದರಲ್ಲೇ ಮುಳುಗಿದ್ದ.

ನಾಲ್ಕನೆಯ ಮಹಡಿಗೆ ಹತ್ತುವ ಬದಲು ಅವನು ನೆಲಮಾಳಿಗೆಗೆ ಇಳಿದ. ಪಂಪುಗಳು ಹೊಟ್ಟೆ ಕೆಟ್ಟ ದನಗಳಂತೆ ಗುರುಗುಡುತ್ತಿದ್ದವು. ಫಾಯಿನಾ ಲ್ವೋವ್ನಾ ದಪ್ಪ ಕೈಗವಸು ಹಾಕಿಕೊಂಡು ದ್ರವ ಸಾರಜನಕ ಸುರಿಯುತ್ತಿದ್ದಳು. ಸೊಂಟದವರೆಗೆ ಬಿಳಿ ಮಂಜು, ಅದರ ಮೇಲೆ ಐವತ್ತರ ಹತ್ತಿರದ ಅವಳ ಚೂಪು ಮುಖ. ಹೇಳಬೇಕಾದ್ದನ್ನು ದಾರಿಯಲ್ಲಿ ಎಷ್ಟು ಚೆನ್ನಾಗಿ ಜೋಡಿಸಿಕೊಂಡಿದ್ದ. ಈಗ ಅಣಬೆಯ ಭರಣಿಯಿಂದ ಶುರುಮಾಡಿ, ಭರಣಿಯಲ್ಲೇ ಸಿಕ್ಕಿಹಾಕಿಕೊಂಡು, ಕೊನೆಗೆ ಅಂಗಿಯ ಜೇಬಿನಿಂದ ಉಪ್ಪುನೀರಿನ ಕಾಗದವನ್ನೇ ತೆಗೆದು ತೋರಿಸಿದ. ಅವಳು ಕೈಗವಸು ಬಿಚ್ಚದೆ ಓದಿದಳು. ಎರಡನೆಯ ಸಲ ಓದಿದಳು. ಅವಳ ಮುಖದಲ್ಲಿ ಕಂಡದ್ದು ಸಂತೋಷವೋ ಹೊಟ್ಟೆನೋವೋ ಅವನಿಗೆ ತಿಳಿಯಲಿಲ್ಲ.

"ನನ್ನ ಮೊದಲನೇ ಅಳತೆ ಸರಿ ಇತ್ತು," ಅಂದಳು. "ನನಗೆ ಗೊತ್ತಿತ್ತು."

"ಹಾಗಾದ್ರೆ ಎರಡನೇದು?"

"ಎರಡನೇದು ಅಂತ ಒಂದಿಲ್ಲ, ಇಗ್ನಾತ್ ರೊದಿಯೊನೊವಿಚ್. ಅಳತೆ ಅದೇ. ಉಪಕರಣದ ಒಂದು ಸಂಖ್ಯೆ ಬದಲಾಯಿಸಿದೆ. ಪಾಪ, ಬಹಳ ಸಾಧು ಸಂಖ್ಯೆ. ಬಾ ಅಂದ್ರೆ ಬರತ್ತೆ."

ಮಿಕ್ಕದ್ದನ್ನು ಅವಳು ಸಾರಜನಕದ ಪಾತ್ರೆಯ ಮುಚ್ಚಳ ಮುಚ್ಚುತ್ತ ಹೇಳಿದಳು, ಬೇರೆ ಯಾರದೋ ವಿಷಯ ಹೇಳುವಂತೆ. ಆ ಗೋಷ್ಠಿಯಾದ ಮೇಲೆ ಒಂದೂವರೆ ವರ್ಷ ತೂತು ಹುಡುಕಿದ್ದಳು. ಒಂದೊಂದು ಜೋಡಣೆಯನ್ನೂ ಬಿಚ್ಚಿದ್ದಳು, ಒಂದೊಂದು ತಿರುಪನ್ನೂ ತೊಳೆದಿದ್ದಳು. ತೂತಿರಲಿಲ್ಲ. ಕಾರಿಡಾರಿನಲ್ಲಿ ಅವಳನ್ನು ಕಂಡವರು ಗುಚ್ಛ ಸಿಕ್ಕಿತಾ ಎಂದು ಕೇಳುತ್ತಿದ್ದರು, ಊಟದ ಕೋಣೆಯಲ್ಲಿ ಬಡಿಸುವವಳೂ ಒಂದು ದಿನ ಕೇಳಿದಳು. ತನ್ನ ಪದವಿಯ ಪ್ರಬಂಧದ ಗಡುವು ಮುಗಿಯುವುದಕ್ಕೆ ಹತ್ತು ದಿನವಿದ್ದಾಗ ಅವಳು ಆ ಸಂಖ್ಯೆಯನ್ನು ಬದಲಾಯಿಸಿದ್ದಳು. ಎಲ್ಲರೂ ಕೈಕುಲುಕಿದರು. ಮೊದಲು ಕೈಕುಲುಕಿದವನು ಅವನೇ.

ಅವನಿಗೆ ಬರಬೇಕಾಗಿದ್ದದ್ದು ನಾಚಿಕೆ, ಬಂದದ್ದು ಸಿಟ್ಟು. ಆಮೇಲೆ ಎಷ್ಟೋ ದಿನ ಆ ಸಿಟ್ಟನ್ನು ನೆನೆಸಿಕೊಂಡು ಅವನ ಕಿವಿ ಬಿಸಿಯಾಗುತ್ತಿತ್ತು. ನಾಲ್ಕು ವರ್ಷ ಅವನು ಆ ಬಿಂದುಗಳನ್ನು ನಂಬಿಕೊಂಡು ನಿದ್ದೆ ಮಾಡಿದ್ದ. ಲೆಕ್ಕದ ಬಗ್ಗೆ ಸಂಶಯ ಬಂದಾಗಲೆಲ್ಲ, ಬಂದಿತ್ತು, ಎರಡು ಮೂರು ಸಲ ಬಂದಿತ್ತು, ಮೆಟ್ಟಿಲಿನ ಬಳಿಯ ಚಿತ್ರ ನೋಡಿ ಅದನ್ನು ಕಳಿಸಿಬಿಟ್ಟಿದ್ದ. ಅವನ ರೇಖೆಯನ್ನು ಯಾರೂ ಒಪ್ಪಿರಲೇ ಇಲ್ಲ. ಅವನ ನಾಲಿಗೆಗೆ ಹೆದರಿ ಹೂಂ ಅಂದಿದ್ದರು, ಅಷ್ಟೆ. ನೀವು ಮೋಸ ಮಾಡಿದಿರಿ ಎಂದು ಅವನು ಹೇಳಿಯೇಬಿಟ್ಟ, ಧ್ವನಿ ಹುಡುಗಿಯರ ಧ್ವನಿಯಂತೆ ಸಣ್ಣಗೆ ಹೊರಟಿತು.

"ಹೌದು," ಎಂದಳು ಅವಳು. "ನಿಮ್ಮದು ತಪ್ಪು, ನನ್ನದು ಮೋಸ. ಎರಡನ್ನೂ ಒಂದೇ ತಟ್ಟೆಗೆ ಬಡಿಸಬೇಡಿ." ಆಮೇಲೆ ಕಪಾಟಿನ ಮೇಲಿನಿಂದ ಹಸಿರು ರಟ್ಟಿನ ನೋಟುಪುಸ್ತಕ ಇಳಿಸಿ, ಧೂಳನ್ನು ಅವನ ಕೋಟಿನ ಕಡೆಗೇ ಊದಿ, ಅವನ ಕೈಗೆ ಕೊಟ್ಟಳು. ಮೊದಲ ಅಳತೆಯ ಬಿಂದುಗಳು. ಲೆಕ್ಕ ಸರಿಮಾಡಿ ಯಂತ್ರದಲ್ಲಿ ಓಡಿಸಿ ನೋಡಿ ಎಂದಳು. ನೋಡಿ ಏನಾಗಬೇಕಾಗಿದೆ ಎಂದು ಅವನು ಕೇಳಿದ್ದಕ್ಕೆ, ನನಗೆ ಆರು ವರ್ಷದಿಂದ ನೋಡಬೇಕು ಅನ್ನಿಸಿದೆ, ಅದು ಸಾಲದೇ ಎಂದಳು.

ಹನ್ನೊಂದು ಗಂಟೆಗೆ ಅವನಿಗೆ ಯಂತ್ರದ ಸರದಿ ಇತ್ತು. ಬದಲಾಯಿಸಬೇಕಾದದ್ದು ಯಂತ್ರ ಓದುವ ರಟ್ಟು, ಒಂದೇ ಒಂದು ಪಂಚ್ ಕಾರ್ಡು. ಅದನ್ನು ತೂತು ಹೊಡೆದು ಕಟ್ಟಿನೊಳಗೆ ಸೇರಿಸುವುದಕ್ಕೆ ಮೂರು ನಿಮಿಷ ಹಿಡಿಯಿತು. ಏಳು ವರ್ಷದ ಎದುರಿಗೆ ಮೂರು ನಿಮಿಷ. ಅವಮಾನಕ್ಕೂ ಒಂದು ಅಳತೆ ಬೇಡವೇ ಎನ್ನಿಸಿತು. ಯಂತ್ರ ಯೋಚಿಸುತ್ತಿದ್ದ ಎರಡು ಗಂಟೆ ಅವನು ಊಟದ ಕೋಣೆಯಲ್ಲಿ ಎಲೆಕೋಸಿನ ಸಾರಿನ ಮುಂದೆ ಕೂತು, ಹಳೆಯ ಲೆಕ್ಕವೇ ಸರಿ ಇರಲಿ ಎಂದು ಆಸೆಪಟ್ಟ. ಅಂದರೆ ತಪ್ಪು ತಪ್ಪೇ ಅಲ್ಲದಿರಲಿ, ಬೇರೆಲ್ಲೋ ಇನ್ನೊಂದು ತಪ್ಪಿದ್ದು ಎರಡೂ ಪರಸ್ಪರ ಹೊಡೆದುಹೋಗಿರಲಿ ಎಂದು. ಅವನ ವೃತ್ತಿಯವರ ಪ್ರಾರ್ಥನೆ ಇರುವುದೇ ಹಾಗೆ. ಹಾಗೆಯೇ ಯಾರಿಗೂ ಹೇಳದೆ ಇರಬಹುದಲ್ಲ ಎಂಬ ಯೋಚನೆಯೂ ಬಂತು. ಅದು ಬರುತ್ತದೆಂದು ಅವನು ಬೆಳಗಿನಿಂದ ಕಾಯುತ್ತಲೇ ಇದ್ದ, ಬಂದಾಗ ಕುರ್ಚಿ ಎಳೆದು ಕೂರಿಸಿದ. ಹೇಳಿದರೆ ಅವಳು ಸಿಕ್ಕಿಬೀಳುತ್ತಾಳೆ, ಹೇಳದಿರುವುದೇ ಅವಳಿಗೆ ಮಾಡುವ ಉಪಕಾರ ಎಂದು ಅದು ವಾದಿಸಿತು. ಎಷ್ಟು ಸಜ್ಜನಿಕೆಯ ಯೋಚನೆ! ತನ್ನನ್ನು ಉಳಿಸಿಕೊಳ್ಳುವುದಕ್ಕೆ ಹೆಂಗಸೊಬ್ಬಳ ಮಾನವನ್ನು ಕೊಡೆ ಹಿಡಿದಂತೆ ಹಿಡಿದುಕೊಳ್ಳುವ ಯೋಚನೆ. ಅವನು ಸಾರು ಮುಗಿಸಿದ, ಚೆನ್ನಾಗಿಯೇ ಇತ್ತು.

ಒಂದೂಕಾಲು ಗಂಟೆಗೆ ಕಾಗದ ಹೊರಬಂತು. ಅವನು ಮೆಟ್ಟಿಲ ಮೇಲೆಯೇ ಕೂತು, ಪೆನ್ಸಿಲಿನಿಂದ ಹೊಸ ರೇಖೆ ಎಳೆದು, ಹಸಿರು ಪುಸ್ತಕ ಬಿಡಿಸಿ ಒಂದೊಂದೇ ಬಿಂದು ಇಟ್ಟ. ಮೊದಲನೆಯದು ರೇಖೆಯ ಮೇಲೆ ಬಿತ್ತು. ಎರಡನೆಯದು, ಮೂರನೆಯದು. ಏಳನೆಯದೂ ಬಿತ್ತು. ಇದು ಯಾವ ಸಂತೋಷ ಎಂದು ಅವನಿಗೆ ಗುರುತೇ ಸಿಗಲಿಲ್ಲ, ಮೂವತ್ತು ವರ್ಷದ ಹಿಂದೆ ಒಮ್ಮೆ ಇಂಥದ್ದಾಗಿತ್ತು, ಆಮೇಲೆ ಪದವಿಗಳು ಬಂದವು, ಇದು ಬರಲಿಲ್ಲ. ಫಾಯಿನಾ ಲ್ವೋವ್ನಾ ಕೆಳಗಿನಿಂದ ಹತ್ತಿ ಬಂದು ಅವನ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಹತ್ತುವವರೂ ಇಳಿಯುವವರೂ ಅವರನ್ನು ದಾಟಿಕೊಂಡು, ಪ್ರಶಸ್ತಿಯ ಮತ್ತಿನಲ್ಲಿದ್ದಾರೆ ಪಾಪ ಎಂಬಂತೆ ನೋಡಿ ಹೋದರು. ಅವಳು ಬೆರಳಿನಿಂದ ಬಿಂದುಗಳನ್ನು ಮುಟ್ಟುತ್ತ ಹೋಗಿ ಕೊನೆಯದರ ಮೇಲೆ ನಿಲ್ಲಿಸಿದಳು.

"ನಾಲ್ಕು ಗಂಟೆಗೆ ನಿಮ್ಮದಷ್ಟೇ ಹೇಳಿ," ಅಂದಳು. "ನನ್ನದಕ್ಕೆ ನನಗೆ ಬಾಯಿದೆ."

ಗೋಷ್ಠಿಯ ಅಧ್ಯಕ್ಷ ಅವ್ಗುಸ್ತ್ ಪಾವ್ಲೊವಿಚ್ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಬಲ್ಲ ಹಿರಿಯ. ಆ ಶಕ್ತಿಯಿಂದಲೇ ಉಪನಿರ್ದೇಶಕನಾದ ಎಂದು ಹೇಳುವವರಿದ್ದರು. ಇಗ್ನಾತ್ ರೊದಿಯೊನೊವಿಚ್ ಎದ್ದು ನಿಂತು ಪ್ರಶಸ್ತಿಯ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದೂ, ತನ್ನ ಲೆಕ್ಕ ಏಳು ವರ್ಷದಿಂದ ತಪ್ಪೆಂದೂ, ಫಾಯಿನಾ ಲ್ವೋವ್ನಾಳ ಮೊದಲ ಅಳತೆ ಸರಿಯಾಗಿತ್ತೆಂದೂ, ತಾನು ಅದನ್ನು ನೋಡಿ ನಕ್ಕಿದ್ದೆನೆಂದೂ ಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ತನ್ನ ಧ್ವನಿ ಇಷ್ಟವಾಗತೊಡಗಿತು. ಪಶ್ಚಾತ್ತಾಪ ಇಷ್ಟು ಚೆನ್ನಾಗಿ ಕೇಳಿಸುತ್ತದೆಂದು ಅವನು ತಿಳಿದಿರಲಿಲ್ಲ. ಎರಡು ಕಡೆ ಬೇಕೆಂದೇ ತಡೆದು ನಿಂತ. ಅವ್ಗುಸ್ತ್ ಪಾವ್ಲೊವಿಚ್ ಎಚ್ಚರಗೊಂಡ.

"ಸರಿ. ಹಾಗಾದ್ರೆ ಎರಡನೇ ಸಲದ ಅಳತೆ ಹೇಗೆ ಕೂಡ್ತು?"

ಉಪಕರಣಗಳೆಂದ ಮೇಲೆ ಏನಾದರೂ ಇರುತ್ತದೆ, ಹಲವು ಕಾರಣಗಳಿರಬಹುದು, ಪ್ರಯೋಗ ಎಂದರೆ ಕಷ್ಟದ ಕೆಲಸ ಎಂದು ಅವನು ಅವಳ ಪರವಾಗಿ ಏನೇನೋ ಪೋಣಿಸುತ್ತಿರುವಾಗ ಹಿಂದಿನ ಸಾಲಿನಿಂದ ಕುರ್ಚಿ ಸರಿದ ಸದ್ದಾಯಿತು.

"ಕೂತ್ಕೊಳ್ಳಿ, ಇಗ್ನಾತ್ ರೊದಿಯೊನೊವಿಚ್," ಎಂದಳು ಫಾಯಿನಾ ಲ್ವೋವ್ನಾ. "ಎರಡನೇ ಸಲ ನಾನು ಅಳೆದೇ ಇಲ್ಲ. ಸಂಖ್ಯೆ ತಿದ್ದಿದೆ. ಯಾರೂ ಹೇಳಿಕೊಡಲಿಲ್ಲ, ನಾನೇ ತಿದ್ದಿದ್ದು."

ಅವಳು ನಗುವಿನ ಬಗ್ಗೆ, ಕಾರಿಡಾರಿನ ಬಗ್ಗೆ, ಒಂದೂವರೆ ವರ್ಷದ ತಿರುಪುಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನು ಕಾಯುತ್ತಿದ್ದ, ಈಗ ಹೇಳುತ್ತಾಳೆ, ಈಗ ತನ್ನ ಕಡೆ ಬೆರಳು ತೋರಿಸುತ್ತಾಳೆ ಎಂದು; ತೋರಿಸಿದ್ದರೆ ಎಷ್ಟು ಹಗುರವಾಗುತ್ತಿತ್ತು. ಅವಳು ಚೀಲ ಎತ್ತಿಕೊಂಡು, ಪಂಪು ಓಡುತ್ತಿದೆ ಎಂದು ಹೇಳಿ ಹೊರಟುಹೋದಳು.

ಮುಂದಿನ ಮೂರು ವಾರದಲ್ಲಿ ಅವನು ದೊಡ್ಡ ಮನುಷ್ಯನಾದ. ಮೆಟ್ಟಿಲಿನ ಚಿತ್ರವನ್ನು ಇಳಿಸಿದರು, ಅಲ್ಲೊಂದು ಬಿಳಿ ಚೌಕ ಉಳಿಯಿತು. ಆ ಚೌಕದ ಮುಂದೆ ನಿಲ್ಲಿಸಿ ಜನ ಅವನ ಭುಜ ತಟ್ಟಿದರು. ಏಳು ವರ್ಷ ತಪ್ಪು ಲೆಕ್ಕ ಹಾಕಿದವನಿಗೆ ಧೀರ ಎಂದು ಹೆಸರು ಬಂತು. ಏಳು ವರ್ಷ ಸರಿಯಾಗಿ ಲೆಕ್ಕ ಹಾಕಿದವರು ಅಸೂಯೆಯಿಂದ ತಮ್ಮ ಹಳೆಯ ಕಾಗದಗಳಲ್ಲಿ ತಪ್ಪು ಹುಡುಕತೊಡಗಿದರು ಎಂದು ಯಾರೋ ಹೇಳಿದ್ದರಲ್ಲಿ ಅತಿಶಯ ಹೆಚ್ಚೇನಿರಲಿಲ್ಲ. ಫಾಯಿನಾ ಲ್ವೋವ್ನಾಳ ವಿಷಯ ವಿದ್ವತ್ ಮಂಡಳಿಯ ಮುಂದೆ ಗುರುವಾರ ಬರುವುದೆಂದು ನಿಗದಿಯಾಯಿತು. ಅವನು ಮಂಡಳಿಯ ಸದಸ್ಯ. ಏನು ಹೇಳಬೇಕೆಂದು ಬರೆದಿಟ್ಟುಕೊಂಡಿದ್ದ: ಮೊದಲು ಅವಳ ಅಳತೆಯನ್ನು ಕೊಂದವನು ತಾನು, ಶಿಕ್ಷೆ ಹಂಚಿಕೊಡಿ ಎಂದು. ತೈಸಿಯಾ ಅವನ ಒಂದೇ ಒಂದು ಒಳ್ಳೆಯ ಸೂಟನ್ನು ಇಸ್ತ್ರಿ ಮಾಡಿ, ಹೇಳಿ ಮುಗಿಸಿದ ಮೇಲೆ ನಿಲ್ಲಬೇಡ, ತಕ್ಷಣ ಕೂತುಬಿಡು, ನಿಂತರೆ ನೀನು ಭಾಷಣ ಮಾಡುತ್ತೀಯ ಎಂದು ಎಚ್ಚರಿಸಿ ಕಳಿಸಿದಳು.

ಮಂಡಳಿ ಸೇರುವ ಅರ್ಧ ಗಂಟೆ ಮೊದಲು ಸಂಶೋಧನಾಲಯದ ಗೋಡೆಪತ್ರಿಕೆಯವರು ಅವನನ್ನು ಹಿಡಿದರು. 'ವಿಜ್ಞಾನಿಯ ಆತ್ಮಸಾಕ್ಷಿ' ಎಂಬ ಲೇಖನಕ್ಕೆ ಒಂದು ಫೋಟೋ ಬೇಕಿತ್ತು. ಯಂತ್ರದ ಮುಂದೆ ನಿಲ್ಲಿಸಿದರು, ಕಾಗದ ಕೈಗೆ ಕೊಟ್ಟರು. ಯೋಚಿಸುತ್ತಿರುವ ಹಾಗೆ ನೋಡಿ ಎಂದರು. ಇಷ್ಟು ಸಾಕಲ್ಲ ಎಂದು ಅವನು ಎರಡು ಸಲ ಹೇಳಿದ, ಅಷ್ಟೇನೂ ಗಟ್ಟಿಯಾಗಿ ಹೇಳಲಿಲ್ಲ. ದೀಪ ಸರಿಹೋಗಲಿಲ್ಲ, ಕನ್ನಡಕ ಹೊಳೆಯಿತು, ಕನ್ನಡಕ ತೆಗೆದರೆ ಆತ್ಮಸಾಕ್ಷಿ ಕಾಣಿಸಲಿಲ್ಲ. ಗಡಿಯಾರ ಎದುರಿಗೇ ಇತ್ತು. ಅದನ್ನು ನೋಡಿದ್ದೆ ಎಂದು ಅವನು ಆಮೇಲೆ ತನಗೆ ತಾನೇ ಒಪ್ಪಿಕೊಂಡ. ನೋಡಿ, ಇನ್ನೂ ಹಾಜರಿ ತೆಗೆದುಕೊಳ್ಳುತ್ತಿರುತ್ತಾರೆ ಎಂದುಕೊಂಡು, ಗಲ್ಲವನ್ನು ಚೂರು ಮೇಲೆತ್ತಿದ್ದ. ಮೂರನೆಯ ಮಹಡಿಗೆ ಓಡಿ ಬಂದಾಗ ಬಾಗಿಲು ತೆರೆದಿತ್ತು, ಜನ ಹೊರಗೆ ಬರುತ್ತಿದ್ದರು. ಅವಳ ವಿಷಯವನ್ನೇ ಮೊದಲು ತೆಗೆದುಕೊಂಡಿದ್ದರು, ಹತ್ತು ನಿಮಿಷದಲ್ಲಿ ಮುಗಿದಿತ್ತು. ಪ್ರಯೋಗಶಾಲೆಯ ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿ ಎಂಜಿನಿಯರ್ ಮಾಡುವುದು, ಪದವಿ ಹಿಂತೆಗೆಯುವ ಕಾಗದ ಮಾಸ್ಕೋಗೆ ಕಳಿಸುವುದು. ವಿರೋಧ ಯಾರೂ ಇಲ್ಲ, ಸರ್ವಾನುಮತ ಎಂದು ಅವ್ಗುಸ್ತ್ ಪಾವ್ಲೊವಿಚ್ ಹೇಳಿ, ನಿಮ್ಮ ಟೈ ಓರೆಯಾಗಿದೆ ಎಂದೂ ಸೇರಿಸಿದ.

ಅವನು ನೆಲಮಾಳಿಗೆಗೆ ಇಳಿದ. ಏನು ಹೇಳುವುದೆಂದು ಈ ಸಲ ಜೋಡಿಸಿಕೊಳ್ಳಲಿಲ್ಲ. ಫಾಯಿನಾ ಲ್ವೋವ್ನಾ ನೆಲದ ಮೇಲೆ ಮಂಡಿಯೂರಿ ದೊಡ್ಡ ಪಂಪಿನ ಹೊಟ್ಟೆಯ ಕೆಳಗೆ ಸ್ಪ್ಯಾನರ್ ಹಾಕಿ ತಿರುಗಿಸುತ್ತಿದ್ದಳು. ತಲೆಗೆ ಕಟ್ಟಿದ ಬಟ್ಟೆಯಡಿಯಿಂದ ಬೆವರು ಇಳಿಯುತ್ತಿತ್ತು.

"ನಾನಲ್ಲಿ ಇರ್ಲಿಲ್ಲ," ಅಂದ.

"ಗೊತ್ತು. ಎತ್ತಿದ ಕೈ ಎಣಿಸಿದೆ."

"ಫೋಟೋ ತೆಗೀತಾ ಇದ್ರು."

ಅವಳು ಅವನನ್ನು, ಅವನ ಸೂಟನ್ನು, ಟೈಯನ್ನು, ಗೋಡೆಪತ್ರಿಕೆಯವರು ನೀರು ಹಚ್ಚಿ ಬಾಚಿದ್ದ ಅವನ ತಲೆಗೂದಲನ್ನು ನಿಧಾನವಾಗಿ ನೋಡಿದಳು. ಬೈಗುಳಕ್ಕಿಂತ ಅದು ಉದ್ದವಾಗಿತ್ತು.

"ಹೇಗೆ ಬಂತು ಫೋಟೋ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಎಂಜಿನಿಯರ್ ಆದದ್ದು ಒಳ್ಳೆಯದೇ ಆಯಿತು, ಎಂಜಿನಿಯರಿಗೆ ಸಭೆಗಳಿಲ್ಲ, ಬೆಳಗಿನಿಂದ ಸಂಜೆಯವರೆಗೆ ಅಳೆಯಬಹುದು ಎಂದು ಸ್ಪ್ಯಾನರಿಗೆ ಹೇಳುವಂತೆ ಹೇಳಿದಳು. ಮೊದಲಿನಿಂದ ಅಳೆಯಬೇಕು, ಹಸಿರು ಪುಸ್ತಕವನ್ನೂ ಇನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಅದಕ್ಕೆ ಮೊದಲು ಎಣ್ಣೆ ಬದಲಾಯಿಸಬೇಕು. ತಿರುಪು ಸಡಿಲವಾಗುತ್ತಿದ್ದಂತೆ ಅವಳು ಕಾಲಿನಿಂದ ಬಕೆಟ್ಟನ್ನು ಅವನ ಕಡೆಗೆ ತಳ್ಳಿದಳು. ಅವನು ಕೋಟು ಬಿಚ್ಚಬೇಕೆಂದುಕೊಂಡ, ಬಿಚ್ಚಿ ತೂಗುಹಾಕಲು ಮೊಳೆ ಹುಡುಕುವುದು ನಾಚಿಕೆಗೇಡೆನ್ನಿಸಿ ಹಾಗೆಯೇ ಮಂಡಿಯೂರಿದ. ಎಣ್ಣೆ ಮೊದಲು ಬರಲಿಲ್ಲ, ಆಮೇಲೆ ಒಮ್ಮೆಗೇ ಬಂತು, ಕಪ್ಪಗೆ, ಬೆಚ್ಚಗೆ, ಕೊಳೆತ ಮೀನಿನ ವಾಸನೆಯೊಂದಿಗೆ, ಬಕೆಟ್ಟಿಗಿಂತ ಮೊದಲು ಅವನ ಕೋಟಿನ ತೋಳಿನೊಳಗೆ ಹೋಗಿ ಮೊಣಕೈಯವರೆಗೆ ಇಳಿಯಿತು.

"ನೇರ ಹಿಡೀರಿ," ಎಂದಳು ಫಾಯಿನಾ ಲ್ವೋವ್ನಾ. "ಇನ್ನೂ ಏಳು ಲೀಟರ್ ಇದೆ."